ಅಣ್ಣನ ಟಿವಿ, ತಮ್ಮನ ಕೈ: ಹೈಬ್ರಿಡ್ ಕನ್ಸೋಲ್ ಯಾರ ಕಡೆ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಹೈಬ್ರಿಡ್ ಕನ್ಸೋಲ್ (ಟಿವಿಗೂ ಹಾಕಬಹುದಾದ, ಕೈಯಲ್ಲೂ ಹಿಡಿಯಬಹುದಾದ ವಿಡಿಯೊ ಗೇಮ್ ಯಂತ್ರ) ಬಗ್ಗೆ ಬರೆಯುತ್ತಾ 'ಟಿವಿಯಲ್ಲಿ ಆಡುವವರಿಗೂ ಸರಿ, ಕೈಯಲ್ಲಿ ಹಿಡಿದು ಆಡುವವರಿಗೂ ಸರಿ' ಎಂದು ಮುಗಿಸಿಬಿಟ್ಟಿರಿ. ನಾನು, ನನ್ನ ತಮ್ಮ ಇಬ್ಬರೂ ದುಡ್ಡು ಕೂಡಿಸಿ ಒಂದೇ ಒಂದು ಕನ್ಸೋಲ್ ಕೊಳ್ಳುತ್ತಿದ್ದೇವೆ. ನನಗೆ ದೊಡ್ಡ ಟಿವಿ, ಒಳ್ಳೆ ಸ್ಪೀಕರ್ ಇದ್ದರೇ ಆಟ. ಅವನಿಗೆ ಬಸ್ಸಾದರೂ ಸರಿ, ಹಾಸಿಗೆಯಾದರೂ ಸರಿ. ನನ್ನ ಪ್ರಕಾರ ಇದು ಟಿವಿಗೆ ವೈರ್ ಸಿಕ್ಕಿಸಿದ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿದು ಆಡುವ ಯಂತ್ರ), ಅಷ್ಟೇ. ನಿಜ ಹೇಳಿ, ಇದು ನಮ್ಮಿಬ್ಬರಲ್ಲಿ ಯಾರಿಗೆ ಹೇಳಿ ಮಾಡಿಸಿದ್ದು?" (ಹೆಸರು ಹಾಕುವುದು ಬೇಡ ಎಂದು ಕೇಳಿಕೊಂಡಿದ್ದಾರೆ.)

ಸಂಪಾದಕರ ಉತ್ತರ:

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೆ, ಒಪ್ಪಿಕೊಳ್ಳುತ್ತೇನೆ. ಪುಟ ತುಂಬುತ್ತಾ ಬಂದಿತ್ತು, ಜಗಳ ಬೇಡ ಅಂತ ಸುಮ್ನೆ ಇಬ್ಬರಿಗೂ ಒಂದೊಂದು ಒಳ್ಳೆ ಮಾತು ಹೇಳಿ ಮುಗಿಸಿದ್ದೆ. ಈ ಸಲ ಹಾಗೆ ಮಾಡುವುದಿಲ್ಲ.

ಹೈಬ್ರಿಡ್ ಕನ್ಸೋಲ್ ಹೆಚ್ಚು ಒಗ್ಗುವುದು ಕೈಯಲ್ಲಿ ಹಿಡಿದು ಆಡುವವರಿಗೇ. ಆದರೆ ತಡೆಯಿರಿ, ಪತ್ರಿಕೆಯನ್ನು ತಮ್ಮನ ಕೈಗೆ ಈಗಲೇ ಕೊಡಬೇಡಿ. ಕೈಯಲ್ಲಿ ಆಡುವವರು ಅಂದರೆ ಬಸ್ಸಲ್ಲಿ, ರೈಲಲ್ಲಿ ಆಡುವವರು ಅಂತ ನೀವು ಅಂದುಕೊಂಡಿದ್ದೀರಿ. ನಾನು ಹೇಳುತ್ತಿರುವುದು ಮನೆಯಲ್ಲೇ, ಟಿವಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತು ಕೈಯಲ್ಲಿ ಆಡುವವರ ಬಗ್ಗೆ. ಅವರಲ್ಲಿ ಸುಮಾರು ಜನ ಒಂದು ಕಾಲದಲ್ಲಿ ನಿಮ್ಮ ಥರ ಟಿವಿ ಬಿಟ್ಟು ಆಡದವರೇ.

ಮೊದಲು ನಿಮ್ಮ ದೂರು ತೆಗೆದುಕೊಳ್ಳೋಣ. "ಟಿವಿಗೆ ವೈರ್ ಸಿಕ್ಕಿಸಿದ ಹ್ಯಾಂಡ್‌ಹೆಲ್ಡ್" ಅಂದಿರಿ. ಮಾತು ಸ್ವಲ್ಪ ಖಾರ, ಆದರೆ ಸುಳ್ಳಲ್ಲ. 2017ರ ಮಾರ್ಚ್ 3ರಂದು ಬಂದ ನಿಂಟೆಂಡೊ ಸ್ವಿಚ್ ಅನ್ನೇ ನೋಡಿ. ಅದರ ಡಾಕ್, ಅಂದರೆ ಟಿವಿ ಪಕ್ಕ ಇಟ್ಟು ಕನ್ಸೋಲ್ ಅನ್ನು ಕೂರಿಸುವ ಗೂಡು, ನೋಡಿದವರು ಅದರೊಳಗೆ ಏನೋ ದೊಡ್ಡ ಶಕ್ತಿ ಇದೆ, ಅಲ್ಲಿಟ್ಟ ತಕ್ಷಣ ಕನ್ಸೋಲ್‌ಗೆ ಹೊಸ ಜೀವ ಬರುತ್ತದೆ ಅಂದುಕೊಂಡಿದ್ದರು. ಹಾಗೇನೂ ಇಲ್ಲ. ಕರೆಂಟ್ ಒಳಗೆ ಬಿಡುವುದು, ಚಿತ್ರವನ್ನು ಟಿವಿಗೆ ಕಳಿಸುವುದು, ಎರಡು ಮೂರು ಯುಎಸ್‌ಬಿ ತೂತು ಕೊಡುವುದು, ಇಷ್ಟೇ ಅದರ ಕೆಲಸ. ಮಿಕ್ಕಿದ್ದೆಲ್ಲ ಪ್ಲಾಸ್ಟಿಕ್ ಗೂಡು. ಲೆಕ್ಕ ಮಾಡುವ ಚಿಪ್ಪು, ಎನ್‌ವಿಡಿಯಾದ ಟೆಗ್ರಾ ಎಕ್ಸ್1, ಇರುವುದು ನಿಮ್ಮ ಕೈಗೆ ಬರುವ ಆ ಹಲಗೆಯಲ್ಲೇ. ಡಾಕ್‌ಗೆ ಇಟ್ಟಾಗ ಬ್ಯಾಟರಿ ಉಳಿಸುವ ಚಿಂತೆ ಇಲ್ಲ, ಹಾಗಾಗಿ ಅದೇ ಚಿಪ್ಪಿನ ಗ್ರಾಫಿಕ್ಸ್ ಭಾಗವನ್ನು ಸುಮಾರು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾರೆ. ಕೈಗೆ ತೆಗೆದುಕೊಂಡರೆ ಮತ್ತೆ ನಿಧಾನ.

ಅಂದರೆ ಅಳತೆ ತೆಗೆದದ್ದು ಕೈಯಲ್ಲಿ ಆಡುವವನ ಮೈಗೆ. ಎಷ್ಟು ಬಿಸಿ ತಡೆಯಬಹುದು, ಬ್ಯಾಟರಿ ಎಷ್ಟು ಹೊತ್ತು ಬರಬೇಕು, ತೂಕ ಎಷ್ಟಿರಬೇಕು ಅನ್ನುವುದು ಮೊದಲು ತೀರ್ಮಾನ ಆಯಿತು. ಟಿವಿಯವನಿಗೆ ಅದೇ ಬಟ್ಟೆಯನ್ನು ಹೊಲಿಗೆ ಬಿಚ್ಚಿ ಸ್ವಲ್ಪ ಅಗಲ ಮಾಡಿ ಕೊಟ್ಟರು.

ಇದು ಕಣ್ಣಿಗೆ ಹೇಗೆ ಕಾಣುತ್ತಿತ್ತು ಅನ್ನುವುದಕ್ಕೆ ಮೊದಲ ದಿನದ ಆಟವೇ ಸಾಕ್ಷಿ. ಸ್ವಿಚ್ ಜೊತೆಗೇ ಬಂದ ಜೆಲ್ಡಾ, 'ಬ್ರೆತ್ ಆಫ್ ದ ವೈಲ್ಡ್', ಕೈಯಲ್ಲಿ 720ಪಿ, ಟಿವಿಯಲ್ಲಿ 900ಪಿ ತನಕ ಓಡುತ್ತಿತ್ತು (ಸಂಖ್ಯೆ ದೊಡ್ಡದಾದಷ್ಟೂ ಚಿತ್ರದಲ್ಲಿ ಚುಕ್ಕಿ ಜಾಸ್ತಿ). ಕಾಗದದ ಮೇಲೆ ಟಿವಿಯೇ ಮೇಲು. ಆದರೆ ಶುರುವಿನ ದಿನಗಳಲ್ಲಿ, ಹುಲ್ಲು ಮರ ದಟ್ಟವಾಗಿರುವ ಕಡೆ ಹೋದಾಗ, ತಡವರಿಸುತ್ತಿದ್ದದ್ದು ಹೆಚ್ಚಾಗಿ ಟಿವಿಯಲ್ಲಿ. ಕೈಯಲ್ಲಿ ಅದೇ ಜಾಗ ನಯವಾಗಿ ಸಾಗುತ್ತಿತ್ತು. ಕಾರಣ ಸರಳ. ಪರದೆ ಚಿಕ್ಕದು, ತುಂಬಬೇಕಾದ ಚುಕ್ಕಿಗಳು ಕಡಿಮೆ. ಆಮೇಲೆ ಅಪ್‌ಡೇಟ್ ಬಂದು ಸರಿಹೋಯಿತು, ಆ ಮಾತು ಬೇರೆ. ಆದರೆ ದೊಡ್ಡ ಟಿವಿ ಮುಂದೆ ಕಾಲು ಚಾಚಿ ಕೂತವನಿಗೆ ಅವತ್ತು ಹೇಗನಿಸಿರಬೇಕು ಹೇಳಿ.

ವಿಚಿತ್ರ ಅಂದರೆ, ಇದನ್ನು ಮಾರಿದ್ದೇ ಮನೆಯ ಕನ್ಸೋಲ್ ಅಂತ. 2016ರಲ್ಲಿ ಮೊದಲ ಸಲ ತೋರಿಸಿದಾಗ ನಿಂಟೆಂಡೊ ಕಡೆಯವರು "ಇದು ಮೊದಲಿಗೆ ಮನೆಯಲ್ಲಿ ಆಡುವ ಕನ್ಸೋಲ್" ಎಂದೇ ಹೇಳುತ್ತಿದ್ದರು. ಕೈಯಲ್ಲಿ ಆಡುವವರಿಗೆ ಅಂತ 3ಡಿಎಸ್ ಪಕ್ಕದಲ್ಲೇ ಇತ್ತು, 2020ರ ತನಕ ಅದನ್ನೂ ಮಾರಿದರು. ಜನ ಮಾತ್ರ ತಮಗೆ ಬೇಕಾದ ಹಾಗೆ ಬಳಸಿದರು. ಬಿಡುಗಡೆಯಾದ ವರ್ಷದ ಅಕ್ಟೋಬರ್‌ನಲ್ಲಿ ಕಂಪನಿಯೇ ಲೆಕ್ಕ ತೋರಿಸಿತು: ಹೆಚ್ಚು ಕಡಿಮೆ ಅರ್ಧದಷ್ಟು ಜನ ಎರಡೂ ಥರ ಆಡುತ್ತಿದ್ದರು. ಒಂದೇ ಥರ ಆಡುವವರಲ್ಲಿ ಟಿವಿಗೆ ಅಂಟಿಕೊಂಡವರಿಗಿಂತ ಕೈಯಲ್ಲೇ ಆಡುವವರು ಜಾಸ್ತಿ ಇದ್ದರು.

ನನಗೆ ಆ ಲೆಕ್ಕಕ್ಕಿಂತ ಗಟ್ಟಿ ಸಾಕ್ಷಿ ಅನಿಸುವುದು 2021ರಲ್ಲಿ ಬಂದ ಸ್ವಿಚ್‌ನ ಓಎಲ್‌ಇಡಿ (ಹೊಸ ಥರದ ಪರದೆಯ) ಮಾಡೆಲ್. ಪರದೆ 6.2 ಇಂಚಿನಿಂದ 7 ಇಂಚಾಯಿತು, ಬಣ್ಣ ಎದ್ದು ಬಂತು, ಕಪ್ಪು ಅಂದರೆ ನಿಜವಾಗಿ ಕಪ್ಪಾಯಿತು. ಟಿವಿಗೆ ಹಾಕಿದರೆ? ಅದೇ ಚಿಪ್ಪು, ಅದೇ ಚಿತ್ರ, ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಡಾಕ್‌ಗೆ ಒಂದು ಲ್ಯಾನ್ ಕೇಬಲ್ ತೂತು ಸೇರಿಸಿದರು ಅಷ್ಟೇ. ಟಿವಿಯಲ್ಲೇ ಆಡುವವನಿಗೆ ಅದನ್ನು ಕೊಳ್ಳಲು ಕಾರಣವೇ ಇರಲಿಲ್ಲ. ಆದರೂ ಅದು ಕೋಟಿಗಟ್ಟಲೆ ಮಾರಾಟ ಆಯಿತು. ಆಟಗಾರರ ಕಣ್ಣು ಯಾವ ಪರದೆ ಮೇಲಿದೆ ಅಂತ ಮಾಡಿದವರಿಗೂ ಗೊತ್ತಿತ್ತು, ಕೊಂಡವರಿಗೂ ಗೊತ್ತಿತ್ತು.

ಇಲ್ಲಿಗೆ ನಿಮ್ಮ ತಮ್ಮ ಗೆದ್ದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಒಂದು ಗಂಟಿದೆ. 2019ರಲ್ಲಿ ಸ್ವಿಚ್ ಲೈಟ್ ಬಂತು. 5.5 ಇಂಚಿನ ಪರದೆ, 275 ಗ್ರಾಂ ತೂಕ, ಬೆಲೆಯೂ ಕಡಿಮೆ. ಟಿವಿಗೆ ಹೋಗುವುದೇ ಇಲ್ಲ. ಕೈಯಲ್ಲಿ ಆಡುವವರೇ ಜಾಸ್ತಿ ಅನ್ನುವುದಾದರೆ ಎಲ್ಲರೂ ಅದಕ್ಕೇ ಮುಗಿಬೀಳಬೇಕಿತ್ತು. ಬೀಳಲಿಲ್ಲ. ಸ್ವಿಚ್ ಒಟ್ಟು ಮಾರಾಟ 15 ಕೋಟಿ ದಾಟಿದೆ, ಅದರಲ್ಲಿ ಲೈಟ್‌ನ ಪಾಲು ಐದರಲ್ಲಿ ಒಂದೂ ಇಲ್ಲ. ಡಾಕ್ ಮೂಲೆಯಲ್ಲಿ ಧೂಳು ಹಿಡಿಯುತ್ತಿದ್ದರೂ ಜನರಿಗೆ ಆ ಡಾಕ್ ಬೇಕು! ಯಾವತ್ತೋ ಒಂದು ದಿನ ನಾಲ್ಕು ಜನ ಸೇರಿದಾಗ ಬೇಕಾಗುತ್ತದೆ ಅನ್ನುವ ಧೈರ್ಯಕ್ಕೆ ದುಡ್ಡು ಕೊಡುತ್ತಾರೆ.

ಇನ್ನೊಂದು ಕಡೆ, ಹಳೆಯ ಅಪ್ಪಟ ಹ್ಯಾಂಡ್‌ಹೆಲ್ಡ್ ಪ್ರೇಮಿಗಳಿಗೆ ಹೈಬ್ರಿಡ್ ಮೇಲೆ ಸಿಟ್ಟೇ ಇದೆ. ಆ ಸಿಟ್ಟು ನ್ಯಾಯವಾದದ್ದು. 3ಡಿಎಸ್ ಮಡಚಿ ಜೇಬಿಗೆ ಹಾಕಿದರೆ ಮುಗಿಯಿತು. ಪರದೆ ಒಳಗೆ, ಗೀರು ಬೀಳುವ ಭಯ ಇಲ್ಲ. ಸ್ವಿಚ್ ಯಾವ ಜೇಬಿಗೂ ಹೋಗುವುದಿಲ್ಲ. ಕಂಟ್ರೋಲರ್ ಸಮೇತ ಸುಮಾರು 400 ಗ್ರಾಂ, ಅದಕ್ಕೊಂದು ಚೀಲ ಬೇರೆ. 2025ರ ಜೂನ್ 5ಕ್ಕೆ ಬಂದ ಸ್ವಿಚ್ 2 ಇನ್ನೂ ದೊಡ್ಡದು, 7.9 ಇಂಚು, ಕಂಟ್ರೋಲರ್ ಸೇರಿ 534 ಗ್ರಾಂ. ಹಾಸಿಗೆಯಲ್ಲಿ ಅಂಗಾತ ಮಲಗಿ ಮುಖದ ಮೇಲೆ ಹಿಡಿದು ಆಡುತ್ತಾ ಕಣ್ಣು ಎಳೆದರೆ ಅದು ನೇರ ಮೂಗಿನ ಮೇಲೆ ಬೀಳುತ್ತದೆ. ಅನುಭವದ ಮಾತು. ಬ್ಯಾಟರಿ ಕಥೆಯೂ ಅಷ್ಟಕ್ಕಷ್ಟೇ. ಮೊದಲ ಸ್ವಿಚ್‌ನಲ್ಲಿ ಎರಡೂವರೆಯಿಂದ ಆರೂವರೆ ಗಂಟೆ, 2019ರಲ್ಲಿ ಸುಧಾರಿಸಿದ ಮೇಲೆ ನಾಲ್ಕೂವರೆಯಿಂದ ಒಂಬತ್ತು, ಸ್ವಿಚ್ 2ರಲ್ಲಿ ಮತ್ತೆ ಇಳಿದು ಎರಡರಿಂದ ಆರೂವರೆ. ದೊಡ್ಡ ಆಟ ಹಾಕಿಕೊಂಡು ದೂರದ ಪ್ರಯಾಣಕ್ಕೆ ಹೊರಟರೆ ಊರು ಬರುವ ಮೊದಲೇ ಬ್ಯಾಟರಿ ಮುಗಿದಿರುತ್ತದೆ.

ಹಾಗಾದರೆ ಜೇಬಿಗೆ ಹೋಗದ, ಎರಡು ಗಂಟೆಯಲ್ಲಿ ಸುಸ್ತಾಗಬಹುದಾದ ಈ ಹ್ಯಾಂಡ್‌ಹೆಲ್ಡ್ ಯಾರಿಗೆ ತೊಂದರೆ ಕೊಡುವುದಿಲ್ಲ? ಚಾರ್ಜರ್ ಕೈಗೆಟುಕುವ ದೂರದಲ್ಲಿ ಇರುವವನಿಗೆ. ಸೋಫಾದ ಮೂಲೆಯಲ್ಲಿ ಕೂತವನಿಗೆ. ಟಿವಿಯಲ್ಲಿ ಬೇರೆಯವರು ಏನೋ ನೋಡುತ್ತಿದ್ದಾರೆ, ರಿಮೋಟ್ ಕೇಳುವ ಧೈರ್ಯ ಇಲ್ಲ, ಆದರೆ ಆಟ ಬಿಡಲೂ ಮನಸ್ಸಿಲ್ಲ ಅನ್ನುವವನಿಗೆ.

ನನ್ನದೇ ಕಥೆ ಹೇಳುತ್ತೇನೆ. ನಾನೂ ನಿಮ್ಮ ಜಾತಿಯವನೇ, ಟಿವಿ ಬಿಟ್ಟು ಆಡುವುದು ಆಟವೇ ಅಲ್ಲ ಅಂತಿದ್ದವನು. ಒಂದು ರಾತ್ರಿ ಆಟದ ಮಧ್ಯೆ ಮನೆಯವರಿಗೆ ಟಿವಿ ಬೇಕಾಯಿತು. ಡಾಕ್‌ನಿಂದ ಮೇಲಕ್ಕೆತ್ತಿದೆ. ಟಿವಿ ಕಪ್ಪಾಯಿತು, ಕೈಯಲ್ಲಿ ಪರದೆ ಬೆಳಗಿತು. ನನ್ನ ಕುದುರೆ ಅದೇ ಗುಡ್ಡದ ಮೇಲೆ, ಅದೇ ಹೆಜ್ಜೆ ಎತ್ತಿದ ಹಾಗೇ ನಿಂತಿತ್ತು. ಎರಡು ಕಂಟ್ರೋಲರ್‌ಗಳನ್ನು ಪಕ್ಕಕ್ಕೆ ಜಾರಿಸಿದೆ, ಟಕ್, ಟಕ್. ಒಂದು ಬಟನ್ ಒತ್ತಿದೆ, ಕುದುರೆ ಹೊರಟಿತು. ಮೂಲೆಗೆ ಹೋಗಿ ಕೂತೆ. ಮರುದಿನ ಟಿವಿ ಖಾಲಿ ಇತ್ತು. ನಾನು ಮೂಲೆಯಲ್ಲೇ ಕೂತಿದ್ದೆ.

ಅಲ್ಲಿಂದ ಮುಂದೆ ನನ್ನನ್ನು ಹಿಡಿದುಕೊಂಡದ್ದು ಪರದೆಯ ಗಾತ್ರಕ್ಕಿಂತ ಪವರ್ ಬಟನ್. ಒಮ್ಮೆ ಒತ್ತಿದರೆ ನಿದ್ದೆ, ಮತ್ತೆ ಒತ್ತಿದರೆ ಬಿಟ್ಟ ಜಾಗದಲ್ಲೇ ಆಟ. ಐವತ್ತು ಅರವತ್ತು ಗಂಟೆ ಬೇಡುವ ಆಟವನ್ನು ಇಪ್ಪತ್ತು ಇಪ್ಪತ್ತು ನಿಮಿಷದ ತುಂಡು ಮಾಡಿ ಮುಗಿಸಬಹುದು. ಹ್ಯಾಂಡ್‌ಹೆಲ್ಡ್‌ನವರಿಗೆ ಇದು ಹಳೆಯ ಅಭ್ಯಾಸ, ಮಡಚಿದರೆ ನಿಲ್ಲುತ್ತಿತ್ತು, ತೆರೆದರೆ ಓಡುತ್ತಿತ್ತು. ಟಿವಿಯ ದೊಡ್ಡ ಆಟಗಳಿಗೆ ಅದೇ ಅಭ್ಯಾಸ ಅಂಟಿದಾಗ, ಸಮಯ ಇಲ್ಲ ಅಂತ ಆಟ ಬಿಟ್ಟಿದ್ದವರು ಎಷ್ಟೋ ಜನ ವಾಪಸ್ ಬಂದರು. ನನ್ನ ಗೆಳೆಯರಲ್ಲೇ ಮೂರು ನಾಲ್ಕು ಜನ ಹಾಗೆ ಬಂದವರು.

ಇದನ್ನು ನಿಂಟೆಂಡೊ ಮೊದಲೇ ಮೂಸಿ ನೋಡಿತ್ತು. 2012ರ ವೀ ಯು ಕನ್ಸೋಲ್ ನೆನಪಿದೆಯಾ? ಅದರ ಗೇಮ್‌ಪ್ಯಾಡ್ ಅನ್ನುವ ಕಂಟ್ರೋಲರ್‌ನಲ್ಲೂ 6.2 ಇಂಚಿನ ಪರದೆ. ಟಿವಿ ಬಿಟ್ಟುಕೊಟ್ಟು ಅದರಲ್ಲೇ ಆಡಬಹುದಿತ್ತು. ಆದರೆ ಮಿದುಳು ಟಿವಿ ಕೆಳಗಿನ ಡಬ್ಬದಲ್ಲಿ. ಎರಡು ಗೋಡೆ ದಾಟಿ ಮಲಗುವ ಕೋಣೆಗೆ ಹೋದರೆ ಸಿಗ್ನಲ್ ಕೈಕೊಡುತ್ತಿತ್ತು. ಬರೀ 1.36 ಕೋಟಿ ಮಾರಾಟವಾಗಿ ಮಲಗಿತು. ಸ್ವಿಚ್‌ನಲ್ಲಿ ಮಿದುಳನ್ನೇ ಕೈಗೆ ಕೊಟ್ಟರು. (ಇನ್ನೂ ಹಿಂದೆ, 1995ರಲ್ಲಿ, ಸೆಗಾದ ನೋಮ್ಯಾಡ್ ಟಿವಿ ಕನ್ಸೋಲ್‌ನ ಕಾರ್ಟ್ರಿಜ್‌ಗಳನ್ನೇ ಕೈಯಲ್ಲಿ ಓಡಿಸುತ್ತಿತ್ತು, ಬೇಕಾದರೆ ಟಿವಿಗೂ ಸಿಕ್ಕಿಸಬಹುದಿತ್ತು. ಆರು ಪೆನ್ಸಿಲ್ ಸೆಲ್ ಬೇಕು, ಎರಡು ಮೂರು ಗಂಟೆಯಲ್ಲಿ ಖಾಲಿ. ಯೋಚನೆ ಚೆನ್ನಾಗಿತ್ತು, ಸೆಲ್ ಚೆನ್ನಾಗಿರಲಿಲ್ಲ.)

ಬೇರೆಯವರೂ ಅದೇ ಮೂಲೆಗೆ ಬಂದು ಸೇರಿದ್ದಾರೆ. ವಾಲ್ವ್ ಕಂಪನಿಯ ಸ್ಟೀಮ್ ಡೆಕ್, ಪಿಸಿ ಆಟಗಳನ್ನು ಕೈಯಲ್ಲಿ ಓಡಿಸುವ ಯಂತ್ರ, 2022ರ ಫೆಬ್ರವರಿಯಲ್ಲಿ ಬಂತು, ಅದರ ಡಾಕ್ ಬಂದದ್ದು ಅಕ್ಟೋಬರ್‌ನಲ್ಲಿ, ಅದೂ ಬೇರೆ ದುಡ್ಡಿಗೆ. ಟಿವಿಗೆ ಎಷ್ಟು ಮರ್ಯಾದೆ ಅಂತ ಅಲ್ಲೇ ಗೊತ್ತಾಗುತ್ತದೆ. ಸೋನಿಯ 2023ರ ಪ್ಲೇಸ್ಟೇಷನ್ ಪೋರ್ಟಲ್ ಇನ್ನೂ ತಮಾಷೆ. ಅದು ಬಂದಾಗ ಒಂದು ಆಟವನ್ನೂ ತಾನೇ ಓಡಿಸುತ್ತಿರಲಿಲ್ಲ, ಮನೆಯಲ್ಲಿರುವ ಪಿಎಸ್5 ಅನ್ನುವ ಟಿವಿ ಕನ್ಸೋಲ್‌ನಿಂದ ವೈಫೈ ಮೂಲಕ ಚಿತ್ರ ಎಳೆದುಕೊಳ್ಳುತ್ತಿತ್ತು ಅಷ್ಟೇ. ಪಿಎಸ್5 ಕೊಂಡವನು ಟಿವಿಯವನಲ್ಲದೆ ಮತ್ಯಾರು? ಅವನೇ ಕೈಯಲ್ಲಿ ಹಿಡಿಯಲು ಇನ್ನೊಂದು ಪರದೆಗೆ ದುಡ್ಡು ಕೊಟ್ಟ.

ಟಿವಿಯೇ ಬೇಕಾದ ಆಟಗಳೂ ಇವೆ. 2018ರ 'ಸೂಪರ್ ಮಾರಿಯೊ ಪಾರ್ಟಿ'ಯಂತೂ ಕಂಟ್ರೋಲರ್ ಬಿಚ್ಚಿಯೇ ಆಡಬೇಕು, ಹ್ಯಾಂಡ್‌ಹೆಲ್ಡ್ ಥರ ಆಡಲು ಬಿಡುವುದೇ ಇಲ್ಲ. 'ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್'ನಲ್ಲಿ ಎಂಟು ಜನ ಹೊಡೆದಾಡುವಾಗ ಚಿಕ್ಕ ಪರದೆಯಲ್ಲಿ ನಮ್ಮವನು ಯಾರು ಅಂತ ಹುಡುಕುವಷ್ಟರಲ್ಲಿ ಅವನು ಆಚೆ ಬಿದ್ದಿರುತ್ತಾನೆ. ಸ್ವಿಚ್‌ನ 'ವಿಚರ್ 3' ಕೈಯಲ್ಲಿ 540ಪಿ ಆಸುಪಾಸಿಗೆ ಇಳಿಯುತ್ತದೆ. ಅಂಥ ಆಟ ಅಷ್ಟು ಚಿಕ್ಕ ಯಂತ್ರದಲ್ಲಿ ಓಡುವುದೇ ಪವಾಡ ಅನ್ನುವವರೂ ಇದ್ದಾರೆ, ಕನ್ನಡಕದ ಗಾಜು ಒರೆಸಿಕೊಳ್ಳುವವರೂ ಇದ್ದಾರೆ. ಮತ್ತೆ ಆ ಪುಟಾಣಿ ಅಕ್ಷರಗಳು! ಟಿವಿಗೆಂದು ಮಾಡಿದ ಆಟಗಳನ್ನು ಹಾಗೇ ತಂದು ಸುರಿದಾಗ ಅಕ್ಷರ ದೊಡ್ಡದು ಮಾಡುವ ಸೌಜನ್ಯ ಎಷ್ಟೋ ಕಂಪನಿಗಳಿಗೆ ಇರಲಿಲ್ಲ. ನಲವತ್ತು ದಾಟಿದವರು ಇದಕ್ಕಾಗಿಯೇ ಡಾಕ್‌ಗೆ ವಾಪಸ್ ಹೋಗುವುದನ್ನು ನೋಡಿದ್ದೇನೆ.

ಸ್ವಿಚ್ 2ರಲ್ಲಿ ನಿಮ್ಮ ಕಡೆಯವರಿಗೂ ಕೊನೆಗೂ ಒಂದಿಷ್ಟು ನ್ಯಾಯ ಸಿಕ್ಕಿದೆ. ಡಾಕ್‌ಗೆ ಹಾಕಿದರೆ 4ಕೆ ತನಕ ಹೋಗುತ್ತದೆ, ಡಾಕ್‌ನಲ್ಲೇ ಒಂದು ಫ್ಯಾನ್ ಇದೆ. ಪ್ಲಾಸ್ಟಿಕ್ ಗೂಡು ಅಂತ ಇನ್ನು ಅಷ್ಟು ಸುಲಭವಾಗಿ ಆಡಿಕೊಳ್ಳುವಂತಿಲ್ಲ.

ಈಗ ನಿಮ್ಮಿಬ್ಬರ ವಿಷಯ. ಬೆಲೆ ಕಡಿಮೆ ಅಂತ ಲೈಟ್ ಕೊಳ್ಳಬೇಡಿ, ಮೊದಲ ವಾರವೇ ಜಗಳ ಶುರುವಾಗುತ್ತದೆ. ನೀವು ಒಬ್ಬರೇ ಕೊಳ್ಳುವುದಾಗಿದ್ದರೆ, ಟಿವಿ ಸದಾ ನಿಮ್ಮದೇ ಆಗಿದ್ದರೆ, ಚಿತ್ರದ ಗುಣಮಟ್ಟವೇ ಮುಖ್ಯ ಆಗಿದ್ದರೆ, ಬರೀ ಟಿವಿಗೆಂದೇ ಮಾಡಿದ ಕನ್ಸೋಲ್ ಕೊಳ್ಳಿ ಅಂತ ಹೇಳುತ್ತಿದ್ದೆ. ಇಬ್ಬರಿಗೂ ಒಂದೇ ಅನ್ನುವಾಗ ಡಾಕ್ ಇರುವ ಹೈಬ್ರಿಡ್ ಬಿಟ್ಟು ಬೇರೆ ದಾರಿ ಕಾಣುವುದಿಲ್ಲ. ತಮ್ಮ ಅದನ್ನು ಬಸ್ಸಿಗೆ ಒಯ್ದ ದಿನ ನಿಮ್ಮ ಪಾಲಿಗೆ ಉಳಿಯುವುದು ಖಾಲಿ ಡಾಕ್ ಒಂದೇ. ವಾರದ ದಿನಗಳನ್ನು ಈಗಲೇ ಹಂಚಿಕೊಳ್ಳಿ. ಆಟ ಎಲ್ಲಿಗೆ ನಿಂತಿದೆ ಅನ್ನುವುದು ಇಬ್ಬರದೂ ಬೇರೆ ಬೇರೆ ಉಳಿಯಲು ಇಬ್ಬರ ಹೆಸರಲ್ಲೂ ಪ್ರತ್ಯೇಕ ಪ್ರೊಫೈಲ್ ಮಾಡಿ, ಇಲ್ಲದಿದ್ದರೆ ಒಬ್ಬರ ಅರವತ್ತು ಗಂಟೆಯ ಮೇಲೆ ಇನ್ನೊಬ್ಬರು ಹೊಸ ಆಟ ಶುರು ಮಾಡಿಬಿಡುತ್ತೀರಿ.

ಪತ್ರದ ಅಂಚಿನಲ್ಲಿ ತಮ್ಮನ ಅಕ್ಷರದಲ್ಲಿ ಒಂದು ಸಾಲಿತ್ತು, "ಸ್ಕ್ರೀನ್ ಗಾರ್ಡ್ ಬೇಕಾ?" ಅಂತ. ಬೇಕು, ಮೊದಲ ದಿನವೇ ಹಾಕಿಸಿ. ಡಾಕ್‌ಗೆ ಇಳಿಸಿ ಎತ್ತುವಾಗ ಉಜ್ಜಿದರೂ ಗೀರು ಗಾರ್ಡ್ ಮೇಲೆ ಬೀಳಲಿ. ಓಎಲ್‌ಇಡಿ ಮಾಡೆಲ್ ಅಥವಾ ಸ್ವಿಚ್ 2 ತಂದರೆ ಪರದೆ ಮೇಲೆ ಮೊದಲೇ ಒಂದು ತೆಳುವಾದ ಹಾಳೆ ಅಂಟಿರುತ್ತದೆ. ಅದು ಪ್ಯಾಕಿಂಗ್ ಹಾಳೆ ಅಲ್ಲ, ಗಾಜು ಒಡೆದರೆ ಚೂರು ಹಾರದಂತೆ ಹಾಕಿರುವುದು. ಅದನ್ನು ಕಿತ್ತುಹಾಕಬೇಡಿ, ಗಾರ್ಡ್ ಅದರ ಮೇಲೇ ಬರಲಿ.