ಹೆಚ್ಚಿದ್ದು ಸೋಂಕೋ, ಪರೀಕ್ಷೆಯೋ?

ಕೋವಿಡ್ ಪ್ರಕರಣಗಳ ಏರಿಕೆಯನ್ನು ಒಬ್ಬ ತಜ್ಞರು ಅಪಾಯವೆಂದೂ ಮತ್ತೊಬ್ಬರು ಪರೀಕ್ಷೆ ಹೆಚ್ಚಿದ್ದರ ಫಲವೆಂದೂ ಹೇಳಿದಾಗ ಯಾರನ್ನು ನಂಬಬೇಕೆಂದು ತಾವು ಕೇಳಿದ್ದೀರಿ. ಹೇಳಿದವರ ಹೆಸರು, ಪದವಿಗಳನ್ನು ಬದಿಗಿಟ್ಟು, ಅವರು ಯಾವ ಸಂಖ್ಯೆಯನ್ನು ಯಾವುದರಿಂದ ಭಾಗಿಸಿದ್ದಾರೆ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ಸಲಹೆ.

ಒಂದು ವಾರ 1,000 ಪರೀಕ್ಷೆಗಳಲ್ಲಿ 50 ಮಂದಿಗೆ, ಮುಂದಿನ ವಾರ 2,000 ಪರೀಕ್ಷೆಗಳಲ್ಲಿ 100 ಮಂದಿಗೆ ಸೋಂಕು ಕಂಡುಬಂದರೆ, ಪ್ರಕರಣಗಳು ಇಮ್ಮಡಿಯಾದರೂ ಪ್ರಮಾಣ ಶೇ. 5ರಲ್ಲೇ ನಿಂತಿರುತ್ತದೆ, ಅದೇ 2,000ದಲ್ಲಿ 300 ಮಂದಿಗೆ ಕಂಡುಬಂದರೆ ಅದು ಶೇ. 15ಕ್ಕೇರುತ್ತದೆ, ಆಗ ಪರೀಕ್ಷೆ ಹೆಚ್ಚಿದ್ದೊಂದೇ ಕಾರಣವೆಂಬ ವಾದ ಸಾಲದು. ಪರೀಕ್ಷೆಗೆ ಒಳಗಾದವರು ಯಾರು ಎಂಬುದನ್ನೂ ಕೇಳಬೇಕು, ಏಕೆಂದರೆ ರೋಗಲಕ್ಷಣವಿದ್ದವರನ್ನಷ್ಟೇ ಪರೀಕ್ಷಿಸಿದರೆ ಈ ಪ್ರಮಾಣ ತಾನಾಗಿಯೇ ಹಿಗ್ಗುತ್ತದೆ. ಆಸ್ಪತ್ರೆಗೆ ದಾಖಲಾಗುವವರ ಸಂಖ್ಯೆ ಪರೀಕ್ಷೆಯ ನೀತಿಗೆ ಅಷ್ಟಾಗಿ ಬಗ್ಗುವುದಿಲ್ಲವಾದ್ದರಿಂದ ನಾನು ಅದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ.

ಸಾವಿನ ಅಂಕಿಯಲ್ಲಿ ಇನ್ನೂ ಎಚ್ಚರ ಬೇಕು. ಸಾವುಗಳು ಸೋಂಕಿಗಿಂತ ಕೆಲವು ವಾರ ತಡವಾಗಿ ಏರುತ್ತವೆ. ಹಾಗಾಗಿ ಅಲೆಯ ಆರಂಭದಲ್ಲಿ ‘ಸಾವು ಕಡಿಮೆಯಿದೆ’ ಎನ್ನುವುದು ಆತುರದ ಮಾತು. ದಾಖಲಾಗದೆ ಉಳಿಯುವ ಸಾವುಗಳೂ ಅಪಾರ: 2020 ಮತ್ತು 2021ರಲ್ಲಿ ಜಗತ್ತಿನಾದ್ಯಂತ ವರದಿಯಾದ ಕೋವಿಡ್ ಸಾವುಗಳು ಸುಮಾರು 54 ಲಕ್ಷವಾಗಿದ್ದರೆ, ಸಾಮಾನ್ಯ ವರ್ಷಗಳ ನಿರೀಕ್ಷೆಗಿಂತ ಹೆಚ್ಚುವರಿಯಾಗಿ ಸಂಭವಿಸಿದ ಸಾವುಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಸುಮಾರು 1 ಕೋಟಿ 49 ಲಕ್ಷವೆಂದು ಅಂದಾಜಿಸಿತು. ತಾವು ಉಲ್ಲೇಖಿಸಿದ ಇಬ್ಬರಲ್ಲಿ ಯಾರು ಈ ಛೇದಗಳನ್ನೂ ಅಂದಾಜಿನ ಮಿತಿಗಳನ್ನೂ ಬಿಚ್ಚಿ ಹೇಳಿದ್ದಾರೋ ಅವರ ಮಾತನ್ನೇ ನಾನು ಮೊದಲು ಓದುತ್ತೇನೆ.