ನಾಲ್ಕೂವರೆಯಿಂದ ಏಳೂವರೆ

ಪತ್ರ: ಮಗ ಹತ್ತನೇ ಕ್ಲಾಸು. ಮೂವರು ಗೆಳೆಯರ ಜೊತೆ ಸೇರಿ ಪಕ್ಕದ ಬೀದಿಯ ಬೈಕಿನಿಂದ ಪೆಟ್ರೋಲ್ ಕದ್ದು ಸಿಕ್ಕಿಬಿದ್ದ. ನಾಲ್ಕೂವರೆಗೆ ಶಾಲೆ ಬಿಡುತ್ತೆ, ನಾವಿಬ್ಬರೂ ಕೆಲಸ ಮುಗಿಸಿ ಬರುವುದು ಏಳೂವರೆಗೆ. ಮನೆಯಲ್ಲಿ ಅಜ್ಜಿ ಇದ್ದಾರೆ. ಎಲ್ಲರೂ ಸಹವಾಸ ದೋಷ ಅಂತಾರೆ. ಗೆಳೆಯರನ್ನು ಬಿಡಿಸಿ ರಾತ್ರಿ ಒಂಬತ್ತರವರೆಗೆ ಟ್ಯೂಷನ್‌ಗೆ ಹಾಕಲೇ?
– ಓದುಗರು, ಹಾಸನ

ಸಂಪಾದಕರ ಉತ್ತರ:

ನಿಮ್ಮ ಸಂಕಟ ಅರ್ಥವಾಗುತ್ತದೆ, ತಾಯಿ. ಆದರೆ ಪೆಟ್ರೋಲ್‌ಗಿಂತ ಜಾಸ್ತಿ ನನ್ನನ್ನು ಕಾಡಿದ್ದು ಆ ಮೂರು ಗಂಟೆ.

1996ರಲ್ಲಿ ಅಮೆರಿಕದ ಅಪರಾಧಶಾಸ್ತ್ರ ಸಂಶೋಧಕ ವೇಯ್ನ್ ಓಸ್ಗುಡ್ ಮತ್ತು ಸಂಗಡಿಗರು 18ರಿಂದ 26 ವರ್ಷದ 1,700ಕ್ಕೂ ಹೆಚ್ಚು ಜನರ ದಿನಚರಿಯನ್ನು ವರ್ಷಗಟ್ಟಲೆ ಗಮನಿಸಿ ಒಂದು ಲೇಖನ ಬರೆದರು. ಗೆಳೆಯರು ಜೊತೆಗಿದ್ದು, ಮಾಡಲು ಕೆಲಸವಿಲ್ಲದೆ, ಹೇಳುವ ಕೇಳುವ ಹಿರಿಯರು ಯಾರೂ ಹತ್ತಿರ ಇಲ್ಲದ ಹೊತ್ತು ಹೆಚ್ಚಿದಷ್ಟೂ ಸಣ್ಣಪುಟ್ಟ ತಪ್ಪುಗಳೂ ಹೆಚ್ಚುತ್ತವೆ ಎಂದು ಅವರಿಗೆ ಕಂಡಿತು. ಹುಡುಗರು ಕೆಟ್ಟವರೇ ಆಗಿರಬೇಕಿಲ್ಲ. ಸುಮ್ನೆ ನಿಂತಿರುವಾಗ ಒಬ್ಬ 'ಮಾಡೋಣ್ವಾ?' ಅಂತಾನೆ. ಉಳಿದವರ ಎದುರು ಬೇಡ ಅನ್ನುವುದು ಆ ವಯಸ್ಸಿನಲ್ಲಿ ಎಷ್ಟು ಕಷ್ಟ, ಅಲ್ವಾ?

ಹಾಗಂತ ಎಲ್ಲವನ್ನೂ ಗಡಿಯಾರದ ಮೇಲೆ ಹೊರಿಸುವಂತಿಲ್ಲ. ಇಂಗ್ಲೆಂಡಿನ ಪೀಟರ್‌ಬರೋ ಊರಿನಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪೆರ್-ಓಲೋಫ್ ವಿಕ್‌ಸ್ಟ್ರಾಮ್ ಅವರ ತಂಡ ಸುಮಾರು 700 ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿತು. ನಾಲ್ಕು ದಿನ ಯಾವ ಗಂಟೆಯಲ್ಲಿ ಎಲ್ಲಿದ್ದೆ, ಯಾರ ಜೊತೆ, ಏನು ಮಾಡುತ್ತಿದ್ದೆ ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡಿತು. ಸರಿ ತಪ್ಪು ಗಟ್ಟಿಯಾಗಿ ತಿಳಿದ, ಮನಸ್ಸನ್ನು ಹಿಡಿದಿಡಬಲ್ಲ ಮಕ್ಕಳು ಅದೇ ಬೀದಿಯಲ್ಲಿ ಅದೇ ಹೊತ್ತು ಕಳೆದರೂ ಬಹುತೇಕ ತಪ್ಪಿಗೆ ಇಳಿಯಲಿಲ್ಲ. ಅದಕ್ಕೇ ಮೊದಲು ಮಗನನ್ನು ಕರೆದುಕೊಂಡು ಬೈಕಿನವರ ಮನೆಗೆ ಹೋಗಿ. ಕ್ಷಮೆ ಅವನೇ ಕೇಳಲಿ. ದುಡ್ಡನ್ನು ಅವನ ಪಾಕೆಟ್ ಮನಿಯಿಂದ ಕೊಡಿಸಿ.

ರಾತ್ರಿ ಒಂಬತ್ತರವರೆಗೆ ಟ್ಯೂಷನ್ ಖಂಡಿತ ಬೇಡ. ಹುಡುಗ ಬಳಲಿ ಹೋಗುತ್ತಾನೆ. ಶಾಲೆ ಬಿಟ್ಟು ಟ್ಯೂಷನ್ ಶುರುವಾಗುವವರೆಗಿನ ಖಾಲಿ ಹೊತ್ತು, ರಾತ್ರಿ ವಾಪಸ್ ಬರುವ ದಾರಿ ಎರಡೂ ಹಾಗೇ ಉಳಿಯುತ್ತವೆ. ವಾರಕ್ಕೆ ಮೂರು ಸಂಜೆ ಕಬಡ್ಡಿಯೋ ವಾಲಿಬಾಲೋ ಕಲಿಸುವವರ ಹತ್ತಿರ ಬಿಡಿ. ಆಟ ಅವನೇ ಆರಿಸಲಿ.

ಗೆಳೆಯರನ್ನು ಬಿಡಿಸಬೇಡಿ. ಬಿಡಿಸಿದರೆ ಕದ್ದು ಸೇರುತ್ತಾರೆ, ಆಗ ನಿಮಗೆ ಸುಳಿವೂ ಸಿಗುವುದಿಲ್ಲ. ಉಳಿದ ಸಂಜೆಗಳಲ್ಲಿ ನಾಲ್ವರೂ ನಿಮ್ಮ ಮನೆಗೇ ಬರಲಿ. ಅಜ್ಜಿ ಕಾವಲು ಕಾಯಬೇಕಿಲ್ಲ, ಜಗಲಿಯಲ್ಲಿ ಕೂತಿದ್ದರೆ ಸಾಕು. ಹಸಿದು ಬರುವ ಹುಡುಗರಿಗೆ ಒಂದು ಡಬ್ಬಿ ತುಂಬ ಒಗ್ಗರಣೆ ಅವಲಕ್ಕಿ ಇಟ್ಟು ಹೋಗಿ.