ಅಲೆ ಏರಲು ಅಂಗೈಗೊಂದು ಮರದ ಹಲಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್ಫ್‌ಬೋರ್ಡ್ ಇಲ್ಲದೆ ಬರಿಮೈಯಲ್ಲೇ ಅಲೆಯೊಂದಿಗೆ ಜಾರುವ ಬಾಡಿ ಸರ್ಫಿಂಗನ್ನು ಸಸಿಹಿತ್ಲು ಕಡಲತೀರದಲ್ಲಿ ಗೆಳೆಯರೊಂದಿಗೆ ಕಲಿಯುತ್ತಿದ್ದೇನೆ. ಇದಕ್ಕಾಗಿ ಅಂಗೈಗೆ ಕಟ್ಟಿಕೊಳ್ಳುವ ಮರದ ಹ್ಯಾಂಡ್‌ಪ್ಲೇನ್ ಅನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ? ನನ್ನ ಭಾರ ಹೊತ್ತು ತೇಲಬೇಕಾದರೆ ಯಾವ ಮರ ಬೇಕು, ಎಷ್ಟು ದಪ್ಪ ಇರಬೇಕು?
– ಓದುಗರೊಬ್ಬರು, ಮೂಲ್ಕಿ

ಉತ್ತರ: ಗರಗಸ, ಕೀಸುಳಿ, ಅರ ಮತ್ತು ಮರಳುಕಾಗದ ಇದ್ದರೆ ಖಂಡಿತವಾಗಿ ಮಾಡಿಕೊಳ್ಳಬಹುದು. ಆದರೆ ಈ ಹಲಗೆ ನಿಮ್ಮ ಭಾರವನ್ನು ತೇಲಿಸುವುದಿಲ್ಲ. 40 ಸೆಂ.ಮೀ. ಉದ್ದ, 19 ಸೆಂ.ಮೀ. ಅಗಲದ ಹಲಗೆ ಎಷ್ಟೇ ಹಗುರವಾಗಿದ್ದರೂ ಒಂದು ಕಿಲೋ ಭಾರವನ್ನೂ ನೆಚ್ಚಿಕೆಯಿಂದ ಹೊರಲಾರದು. ಅದು ಕೆಲಸ ಮಾಡುವುದು ವೇಗದಿಂದ. ಅಲೆ ನಿಮ್ಮನ್ನು ಮುಂದಕ್ಕೆ ನೂಕುವಾಗ, ಮೂತಿ ತುಸು ಮೇಲೆದ್ದ ಹಲಗೆ ನೀರನ್ನು ಕೆಳಕ್ಕೆ ಒತ್ತುತ್ತದೆ, ನೀರು ಹಲಗೆಯನ್ನು ಮೇಲಕ್ಕೆತ್ತುತ್ತದೆ; ಚಾಚಿದ ಕೈಯ ಮೂಲಕ ಆ ಎತ್ತುವಿಕೆ ಎದೆಗೆ ತಲುಪಿ, ನೀರಿನಲ್ಲಿ ಉಜ್ಜಿಕೊಂಡು ಸಾಗುವ ಮೈಯ ಭಾಗ ಕಡಿಮೆಯಾಗುತ್ತದೆ. ಕ್ಯಾಲಿಫೋರ್ನಿಯ ಮತ್ತು ಆಸ್ಟ್ರೇಲಿಯದ ತೀರಗಳಲ್ಲಿ ಊಟದ ತಟ್ಟೆ, ರಬ್ಬರ್ ಚಪ್ಪಲಿಗಳನ್ನು ಹಿಡಿದೇ ಅಲೆ ಏರುವವರು ಇರುವುದು ಈ ಕಾರಣದಿಂದಲೇ. ಹವಾಯಿಯಲ್ಲಂತೂ ‘ಕಹ ನಲು’ ಎಂಬ ಬರಿಮೈಯ ಅಲೆಯಾಟ ಬಹು ಹಳೆಯದು. ಹೊನೊಲುಲುವಿನ ಪಾಯಿಂಟ್ ಪ್ಯಾನಿಕ್ ಎಂಬ ಅಲೆಯ ತಾಣವನ್ನು ಇಂದಿಗೂ ಬಾಡಿ ಸರ್ಫಿಂಗ್ ಮಾಡುವವರಿಗೇ ಮೀಸಲಿಟ್ಟಿದ್ದಾರೆ.

ಆದ್ದರಿಂದ ಮರಕ್ಕಿಂತ ಹೆಚ್ಚಿನ ಗಮನವನ್ನು ಹಲಗೆಯ ತಳಕ್ಕೂ ಅಂಚಿಗೂ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮರ ಹಗುರವಾಗಿ, ಚೆನ್ನಾಗಿ ಒಣಗಿ, ಗಂಟಿಲ್ಲದೆ ಇದ್ದರೆ ಸಾಕು. ಹೊರದೇಶಗಳಲ್ಲಿ ಪೌಲೋನಿಯ ಮರವನ್ನು ಮೆಚ್ಚುತ್ತಾರೆ. ಅದು ಬಹಳ ಹಗುರ, ಉಪ್ಪುನೀರನ್ನು ಸುಲಭವಾಗಿ ಹೀರುವುದಿಲ್ಲ. ನಮ್ಮಲ್ಲಿ ಶಿವನೆ, ಹೆಬ್ಬೇವು ಅಥವಾ ಗಂಧಗರಿಗೆಯ ತುಂಡು ಸಿಕ್ಕರೆ ಬಿಡಬೇಡಿ. ಆಸ್ಟ್ರೇಲಿಯದವರು ಕೆಂಪು ಸೀಡರ್ ಎಂದು ಕರೆಯುವ ಮರ ಪಶ್ಚಿಮ ಘಟ್ಟದ ಈ ಗಂಧಗರಿಗೆಯೇ. ಸಾಗುವಾನಿ ಬಾಳಿಕೆ ಬರುತ್ತದೆ ನಿಜ, ಆದರೆ ಪೌಲೋನಿಯಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತೂಗುವುದರಿಂದ ಈಜುವ ಕೈ ಬೇಗ ಸೋಲುತ್ತದೆ.

25 ಮಿ.ಮೀ. ದಪ್ಪದ ಹಲಗೆಯಿಂದ ಆರಂಭಿಸಿ. ರಟ್ಟನ್ನು ನಡುವೆ ಮಡಚಿ ಅರ್ಧ ಆಕಾರ ಬರೆದು ಕತ್ತರಿಸಿದರೆ ಎರಡೂ ಬದಿ ಸಮನಾದ ಅಚ್ಚು ಸಿಗುತ್ತದೆ. ಮೂತಿ ದುಂಡಗಿರಲಿ, ಹಿಂಬದಿ ನೇರವಾಗಿರಲಿ. ಆಕಾರ ಕೊಯ್ದ ಮೇಲೆ, ಮುಂದಿನ ಮೂರನೇ ಒಂದು ಭಾಗದ ತಳವನ್ನು ಕೀಸುಳಿಯಿಂದ ಓರೆಯಾಗಿ ತೆಗೆಯುತ್ತಾ ಹೋಗಿ, ತುದಿಯಲ್ಲಿ ಅದು ಸುಮಾರು 12 ಮಿ.ಮೀ. ಮೇಲೇಳುವಂತೆ ಮಾಡಿ. ಹೀಗೆ ಮಾಡದಿದ್ದರೆ ಮೂತಿ ನೀರಿಗೆ ಚುಚ್ಚಿ ಕೈ ಒಳಗೆ ಎಳೆದುಕೊಂಡು ಹೋಗುತ್ತದೆ. ಬಳಿಕ ತಳದ ನಡುವೆ, ಉದ್ದಕ್ಕೂ 3 ಮಿ.ಮೀ. ಆಳದ ತಗ್ಗನ್ನು ಗೋಲ ಉಳಿಯಿಂದ ಕೆತ್ತಿ, ಹಳೆಯ ರಬ್ಬರ್ ಚಪ್ಪಲಿಯ ತುಂಡಿಗೆ ಸುತ್ತಿದ ಮರಳುಕಾಗದದಿಂದ ನಯಗೊಳಿಸಿ; ರಬ್ಬರ್ ಬಾಗುವುದರಿಂದ ಕಾಗದ ತಗ್ಗಿಗೆ ಒಗ್ಗಿಕೊಳ್ಳುತ್ತದೆ. ಉಕ್ಕಿನ ಅಳತೆಪಟ್ಟಿಯನ್ನು ತಳದ ಮೇಲೆ ಅಡ್ಡವಾಗಿ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಪಟ್ಟಿಯ ಕೆಳಗೆ ಕಾಣುವ ಬೆಳಕಿನ ಗೆರೆ ನಡುವೆ ದಪ್ಪವಾಗಿ, ಎರಡೂ ಬದಿಗೆ ಒಂದೇ ರೀತಿ ಸಣ್ಣಗಾಗುತ್ತಾ ಹೋಗಬೇಕು. ಒಂದು ಬದಿ ಹೆಚ್ಚು ಕೆತ್ತಿದ್ದರೆ ಹಲಗೆ ಸದಾ ಒಂದೇ ಕಡೆಗೆ ವಾಲುತ್ತದೆ.

ಅಂಚಿನ ವಿಷಯದಲ್ಲಿ ಅವಸರ ಮಾಡಬೇಡಿ. ಮುಂದಿನ ಅರ್ಧದ ಅಂಚು ದುಂಡಗಿರಲಿ. ಹಿಂದಿನ ಅರ್ಧದಲ್ಲಿ ತಳ ಮತ್ತು ಬದಿ ಕೂಡುವ ಗೆರೆ ಮಾತ್ರ ಸ್ಪಷ್ಟವಾಗಿ ಉಳಿಯಬೇಕು. ನೀರು ಅಲ್ಲಿಂದ ಬಿಟ್ಟು ಹೋಗುವುದರಿಂದಲೇ ಹಲಗೆ ಸರಾಗವಾಗಿ ಜಾರುತ್ತದೆ, ಅಲೆಯ ಇಳಿಜಾರಿನಲ್ಲಿ ಹಿಡಿತವೂ ಸಿಗುತ್ತದೆ. ಆದರೆ ಚರ್ಮ ಕೊಯ್ಯುವಷ್ಟು ಹರಿತ ಬೇಡ.

ಕೈ ತೂರಿಸಿಕೊಳ್ಳಲು 4–5 ಸೆಂ.ಮೀ. ಅಗಲದ ನೈಲಾನ್ ಪಟ್ಟಿ ಸಾಕು. ಅಂಗೈ ಹಲಗೆಯ ನಡುವಿನಿಂದ ತುಸು ಹಿಂದೆ ಕೂರುವಂತೆ, ಬೆರಳ ತುದಿ ಮೂತಿಯನ್ನು ದಾಟದಂತೆ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳಿಂದ ಬಿಗಿಯಿರಿ. ಸ್ಕ್ರೂ ತಳಕ್ಕೆ ತೂರಬಾರದು. ಬೆರಳು ಅಗಲಿಸಿದಾಗ ಕೈ ಬಿಗಿಯಾಗಿ ನಿಲ್ಲಬೇಕು, ಬೆರಳು ಕೂಡಿಸಿ ಎಳೆದ ಕೂಡಲೇ ಹೊರಬರಬೇಕು. ಅಲೆ ನಿಮ್ಮನ್ನು ತಿರುಗಿಸಿ ಎಸೆದಾಗ ಹಲಗೆಯನ್ನು ಬಿಡಲಾಗದಿದ್ದರೆ ಮಣಿಕಟ್ಟು, ಭುಜಗಳಿಗೆ ಅಪಾಯ.

ಪ್ರಶ್ನೆ: ಮನೆಯಲ್ಲಿ ಉಳಿದ ಮರೈನ್ ಪ್ಲೈವುಡ್ ಬಳಸಬಹುದೇ? ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೇ ಇದಕ್ಕೂ ಹಚ್ಚಬಹುದೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಹಾಳೆಯ ಮೇಲೆ ಐಎಸ್ 710 ಎಂಬ, ಮರೈನ್ ಪ್ಲೈವುಡ್‌ನ ಭಾರತೀಯ ಮಾನಕದ ಮುದ್ರೆ ಇದ್ದರೆ ಬಳಸಬಹುದು. ತಗ್ಗು ಕೆತ್ತುವಾಗ ಪದರಗಳು ಬಯಲಾಗುತ್ತವೆಯಾದ್ದರಿಂದ ತಳವನ್ನು ಸಪಾಟಾಗಿಯೇ ಬಿಟ್ಟು ಮೂತಿಯನ್ನಷ್ಟೇ ಎತ್ತರಿಸಿ, ಪದರಗಳು ಕಾಣುವ ಅಂಚಿಗೆ ಎಪಾಕ್ಸಿ ಹೀರಿಸಿ. ಗೇರುಸಿಪ್ಪೆಯ ಎಣ್ಣೆಯನ್ನು ಮಾತ್ರ ಖಂಡಿತ ಹಚ್ಚಬೇಡಿ. ಅದು ದೋಣಿಯ ಮರವನ್ನು ಕಾಪಾಡಬಹುದು, ಆದರೆ ಚರ್ಮವನ್ನು ಸುಟ್ಟು ಬೊಕ್ಕೆ ಎಬ್ಬಿಸುತ್ತದೆ, ಮತ್ತು ಇದು ಅಂಗೈಗೆ ಅಂಟಿಕೊಂಡೇ ಇರುವ ವಸ್ತು. ಮರವನ್ನು 220ರ ಮರಳುಕಾಗದದವರೆಗೆ ಉಜ್ಜಿ, ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ಸಲ ಹಚ್ಚಿ, ಪ್ರತಿ ಸಲವೂ ಪೂರ್ತಿ ಒಣಗಲು ಬಿಡಿ. ಇಲ್ಲವೇ ದೋಣಿಯ ವಾರ್ನಿಷ್ ಬಳಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು, ಆದ್ದರಿಂದ ಅದನ್ನು ಹೊರಗೆ ಹರಡಿ ಒಣಗಿಸಿ.

ಪ್ರಶ್ನೆ: ಸಿಡ್ನಿಯಲ್ಲಿರುವ ನನ್ನ ಮಗನಿಗೆ ಹನ್ನೆರಡು ವರ್ಷ, ಚೆನ್ನಾಗಿ ಈಜುತ್ತಾನೆ. ಅವನಿಗೂ ಒಂದು ಮಾಡಿಕೊಡಬಹುದೇ?
– ಓದುಗರೊಬ್ಬರು, ಸಿಡ್ನಿ

ಉತ್ತರ: ಮಾಡಿಕೊಡಿ. 30 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ ಸಾಕು. ಜೊತೆಗೆ ಕಾಲಿಗೆ ಈಜುರೆಕ್ಕೆಗಳನ್ನು ಕೊಡಿಸಿ, ಏಕೆಂದರೆ ಅಲೆಯ ವೇಗಕ್ಕೆ ಸಮನಾಗಿ ಈಜಿ ಅದನ್ನು ಹಿಡಿಯಲು ಬಲ ಬರುವುದು ಕಾಲಿನಿಂದ. ಗಟ್ಟಿ ಮರದ ಹಲಗೆ ಪಕ್ಕದವರಿಗೆ ತಗುಲಬಹುದಾದ್ದರಿಂದ, ಕಾವಲಿರುವ ಈಜುಜಾಗವನ್ನು ಗುರುತಿಸುವ ಕೆಂಪು-ಹಳದಿ ಬಾವುಟಗಳ ನಡುವೆ ಬಳಸಬಹುದೇ ಎಂದು ಜೀವರಕ್ಷಕರನ್ನು ಮೊದಲು ಕೇಳಿ. ದಡದಲ್ಲೇ ಧುಮ್ಮಿಕ್ಕಿ ಒಡೆಯುವ ಅಲೆಗಳಲ್ಲಿ ತಲೆ ಮರಳಿಗೆ ಬಡಿದು ಕುತ್ತಿಗೆಗೆ ಪೆಟ್ಟಾಗುತ್ತದೆ. ಅಂಥ ಅಲೆ ಮುಗಿಯುವ ಮುನ್ನವೇ ಭುಜ ವಾಲಿಸಿ ಅದರ ಹಿಂಬದಿಗೆ ಹೊರಬರುವುದನ್ನು ಅವನು ಹಲಗೆ ಇಲ್ಲದೆಯೇ ಮೊದಲು ಕಲಿಯಲಿ.